ಶ್ರೀರಂಗಪಟ್ಟಣದ ಗ್ರಂಥಭಂಡಾರವೂ ಮೇಜರ್ ಸ್ಟುವರ್ಟನೂ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಆ ದಿನದ ಕದನ, ಟೀಪು ಸುಲ್ತಾನನ ಮರಣ, ಅನಂತರ ಪಟ್ಟಣದಲ್ಲಿ ನಡೆದ ಸೂರೆ ಇವೆಲ್ಲ ನಮ್ಮ ಶಾಲಾಪಠ್ಯಗಳಲ್ಲಿಯೂ ಲಾವಣಿಗಳಲ್ಲಿಯೂ ಬಂದಿವೆ. ಆದರೆ ಅರಮನೆಯೊಳಗಿದ್ದ ಸುಮಾರು 2,000 ಗ್ರಂಥಗಳ ಗತಿ ಏನಾಯಿತೆಂದು ವಿಚಾರಿಸಿದವರು ಕಡಿಮೆ. ಆ ಗ್ರಂಥಗಳಿಗೆ ಪಟ್ಟಿ ಬರೆದು, ಅರಬ್ಬಿ ಪಾರಸಿ ವಿದ್ವಾಂಸನೆಂದು ಹೆಸರಾದ ಚಾರ್ಲ್ಸ್ ಸ್ಟುವರ್ಟನ ವೃತ್ತಾಂತವನ್ನು ಇಲ್ಲಿ ನಿರೂಪಿಸುತ್ತೇನೆ. ಅನ್ಯಮತದ ಗ್ರಂಥಗಳ ಕಥೆ ನಮಗೇಕೆ ಎಂಬ ಪ್ರಶ್ನೆ ಬಸದಿಗಳಲ್ಲಿ ಓಲೆಗರಿಗಳನ್ನು ತಲೆಮಾರುಗಳಿಂದ ಕಾಯ್ದುಕೊಂಡು ಬಂದ ಮನೆತನಗಳಿಗೆ ಏಳಲಾರದು.

ಸ್ಟುವರ್ಟ್ ಜನಿಸಿದ್ದು 1764ರಲ್ಲಿ. 1781ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ಸೈನ್ಯಕ್ಕೆ ಸೇರಿದನು. ಸಿಪಾಯಿಗಿರಿಗಿಂತ ಭಾಷೆಗಳೇ ಅವನಿಗೆ ಒಲಿದವು. ಕಲ್ಕತ್ತೆಯಲ್ಲಿ ಫೋರ್ಟ್ ವಿಲಿಯಂ ಕಾಲೇಜು ಸ್ಥಾಪನೆಯಾದಾಗ ಅಲ್ಲಿ ಪಾರಸಿಯ ಸಹಾಯಕ ಪ್ರಾಧ್ಯಾಪಕನಾಗಿ 1800ರಿಂದ 1806ರ ವರೆಗೆ ದುಡಿದನು. ಈ ಕಾಲೇಜಿನ ಹುಟ್ಟಿನಲ್ಲಿಯೇ ನಮ್ಮ ಊರಿನ ನೆನಪಿದೆ. ಗವರ್ನರ್ ಜನರಲ್ ವೆಲ್ಲೆಸ್ಲಿಯು ಸ್ಥಾಪನೆಯ ಶಾಸನಕ್ಕೆ ಅಂಕಿತ ಹಾಕಿದ್ದು 1800ರ ಜುಲೈ 10ರಂದು. ಆದರೆ ಅದರ ದಿನಾಂಕವನ್ನು ಮೇ 4 ಎಂದೇ ನಮೂದಿಸಬೇಕೆಂದು ಆಜ್ಞೆಯಾಯಿತು. ಶ್ರೀರಂಗಪಟ್ಟಣ ಪತನದ ಪ್ರಥಮ ವಾರ್ಷಿಕೋತ್ಸವವದು! ವಿದ್ಯಾಲಯವೊಂದಕ್ಕೆ ಇಂತಹ ಜನ್ಮದಿನವನ್ನು ಆರಿಸಿಕೊಂಡವರ ಮನೋಧರ್ಮವನ್ನು ವಾಚಕರೇ ಊಹಿಸಿಕೊಳ್ಳಬಹುದು.

ಟೀಪುವಿನ ಗ್ರಂಥಗಳ ಬಹುಭಾಗ ಈ ಕಾಲೇಜಿಗೇ ಬಂದಿತು. ಕೆಲವನ್ನು ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳಿಗೂ ಏಷಿಯಾಟಿಕ್ ಸೊಸೈಟಿಗೂ ಕಾಣಿಕೆಯಾಗಿ ತೆಗೆದಿರಿಸಿದ್ದರು. ಉಳಿದವನ್ನು ಒಂದೊಂದಾಗಿ ಪರಿಶೀಲಿಸಿ ಸ್ಟುವರ್ಟ್ ಸಿದ್ಧಪಡಿಸಿದ ವಿವರಣಾತ್ಮಕ ಗ್ರಂಥಸೂಚಿ 1809ರಲ್ಲಿ ಕೇಂಬ್ರಿಜ್‌ನಲ್ಲಿ ಅಚ್ಚಾಯಿತು. ಅವನ ಎಣಿಕೆಯಲ್ಲಿ ಕಾವ್ಯಗ್ರಂಥಗಳು 190, ಇತಿಹಾಸ 118, ಸೂಫಿ ಮಾರ್ಗದವು 115, ಧರ್ಮಶಾಸ್ತ್ರ ವ್ಯವಹಾರಕ್ಕೆ ಸೇರಿದವು 95, ನೀತಿಶಾಸ್ತ್ರದವು 24. ವೈದ್ಯ, ಜ್ಯೋತಿಷ, ನಿಘಂಟುಗಳು ಬೇರೆ. ದಖನಿ ಭಾಷೆಯ ಪದ್ಯಗಳೂ ಇದ್ದವು. ಸದಾ ಯುದ್ಧದಲ್ಲಿಯೇ ಮುಳುಗಿದ್ದನೆಂದು ನಾವು ಬಗೆವ ಅರಸನ ಮನೆಯಲ್ಲಿ ವೈರಾಗ್ಯಮಾರ್ಗದ ಗ್ರಂಥಗಳು ಇಷ್ಟು ದೊರೆತದ್ದು ವಿಚಾರಾರ್ಹ. ಹೊಸದಾಗಿ ಕಟ್ಟಿಸಿದ ಪುಸ್ತಕಗಳ ಚರ್ಮದ ಹೊದಿಕೆಯ ಮಧ್ಯದಲ್ಲಿ ದೇವರ, ಪ್ರವಾದಿಯ ಹಾಗೂ ಅವರ ಮನೆತನದವರ ನಾಮಗಳು, ನಾಲ್ಕು ಮೂಲೆಗಳಲ್ಲಿ ನಾಲ್ವರು ಖಲೀಫರ ನಾಮಗಳು, ಮೇಲ್ತುದಿಯಲ್ಲಿ ದೈವದತ್ತ ಸರ್ಕಾರವೆಂಬ ಅರ್ಥದ ‘ಸರ್ಕಾರೆ ಖುದಾದಾದ್’ ಎಂಬ ಮುದ್ರೆ, ಕೆಳಗೆ ದೇವರೇ ಸಾಕು ಎಂಬ ಅರ್ಥದ ‘ಅಲ್ಲಾಹ್ ಕಾಫೀ’ ಎಂಬ ಮಾತು ಇದ್ದುದನ್ನು ಸ್ಟುವರ್ಟ್ ದಾಖಲಿಸಿದ್ದಾನೆ.

ಅವನೇ ತಿಳಿಸುವ ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದುದು. ಹೈದರನಾಗಲಿ ಟೀಪುವಾಗಲಿ ಹಣ ಕೊಟ್ಟು ಕೊಂಡ ಪುಸ್ತಕಗಳು ಅತ್ಯಲ್ಪ. ಸವಣೂರು, ಕಡಪ ಮತ್ತು ಕರ್ನಾಟಿಕ್ ಪ್ರಾಂತಗಳಿಂದ ಸೂರೆ ಮಾಡಿ ತಂದವೇ ಹೆಚ್ಚು ಎನ್ನುತ್ತಾನೆ. ಕಡಪದ ನವಾಬನು ಹೈದರನಿಗೆ ಸೆರೆಸಿಕ್ಕಿದ್ದು 1779ರಲ್ಲಿ. ಸವಣೂರು ಟೀಪುವಿನ ವಶವಾದದ್ದು 1786ರಲ್ಲಿ. ಸವಣೂರಿನ ನವಾಬನ ಮನೆಯ ಗ್ರಂಥ ಶ್ರೀರಂಗಪಟ್ಟಣಕ್ಕೆ ಬಂದು, ಹೊಸ ಹೊದಿಕೆ ತೊಟ್ಟು, ಕೆಲವೇ ವರ್ಷಗಳಲ್ಲಿ ಮತ್ತೊಬ್ಬರ ಸೂರೆಯಾಗಿ ಕಲ್ಕತ್ತೆಗೆ ಹೋಯಿತು. ಇಂಗ್ಲಿಷ್ ಸೈನ್ಯದವರು ತಾವು ತೆಗೆದುಕೊಂಡದ್ದಕ್ಕೆ ‘ಪ್ರೈಜ್’ ಎಂಬ ಮರ್ಯಾದೆಯ ಹೆಸರಿಟ್ಟು, ಅದನ್ನು ಹಂಚಲು ಅಧಿಕಾರಿಗಳನ್ನೂ ನೇಮಿಸಿದ್ದರು. ಹೆಸರು ಬದಲಾದರೆ ಕರ್ಮ ಬದಲಾದೀತೆ?

ಅಚೌರ್ಯವ್ರತದ ಅತಿಚಾರಗಳಲ್ಲಿ ‘ತದಾಹೃತಾದಾನ’ವೆಂಬುದೊಂದನ್ನು ನಮ್ಮ ಆಚಾರ್ಯರು ಹೇಳಿದ್ದಾರೆ. ಕದ್ದವನಲ್ಲದಿದ್ದರೂ ಕದ್ದು ತಂದುದನ್ನು ಸ್ವೀಕರಿಸುವುದು ದೋಷವೇ. ಈ ಅಳತೆಗೋಲಿನಲ್ಲಿ ಸ್ಟುವರ್ಟನೂ ನಿರ್ದೋಷಿಯಲ್ಲ. ಅದೇ ಪುಸ್ತಕದ ಆರಂಭದಲ್ಲಿ ಅವನು ಬರೆದ ಹೈದರ್ ಟೀಪುಗಳ ಚರಿತ್ರೆಯಂತೂ ಗೆದ್ದವರ ಪಕ್ಷದ್ದು. ಅದನ್ನು ಎಚ್ಚರದಿಂದಲೇ ಓದಬೇಕು. ಆದರೆ ಗ್ರಂಥಗಳ ವಿವರಣೆಗೆ ಬಂದಾಗ ಅವನ ಲೇಖನಿ ಬೇರೆಯಾಗುತ್ತದೆ. ಅಲ್ಲಿ ಇರುವುದು ಗ್ರಂಥದ ಹೆಸರು, ಕರ್ತೃ, ವಿಷಯ. ಯಾವ ಗ್ರಂಥ ಎಲ್ಲಿಂದ ಬಂದಿತೆಂಬುದನ್ನು ಮುಚ್ಚಿಡದೆ ಬರೆದದ್ದರಿಂದಲೇ ನಾವು ಇಂದು ಅವನ ಪಕ್ಷದವರನ್ನೂ ಪ್ರಶ್ನಿಸಲು ಸಾಧ್ಯವಾಗಿದೆ. ಪಟ್ಟಿಯಿಲ್ಲದೆ ಹೋದ ಭಂಡಾರಗಳ ವಿಷಯದಲ್ಲಿ ಆ ಅವಕಾಶವೂ ಇಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನಮಾಡಿದ ಅತ್ತಿಮಬ್ಬೆಯ ನಾಡಿನಲ್ಲಿ, ನಾಗಮಂಗಲದ ಕಂಬದಹಳ್ಳಿಯಂತಹ ಪ್ರಾಚೀನ ಬಸದಿಗಳ ನಾಡಿನಲ್ಲಿ, ಕೈಬರಹದ ಕಟ್ಟುಗಳನ್ನು ಇಟ್ಟುಕೊಂಡಿರುವ ಟ್ರಸ್ಟುಗಳು ಈ ಮಾತನ್ನು ತಮಗೂ ಅನ್ವಯಿಸಿಕೊಳ್ಳಬಹುದು.

1807ರಲ್ಲಿ ಸ್ಟುವರ್ಟ್ ಇಂಗ್ಲೆಂಡಿನಲ್ಲಿದ್ದ ಕಂಪನಿಯ ಕಾಲೇಜಿನಲ್ಲಿ ಅರಬ್ಬಿ, ಪಾರಸಿ, ಹಿಂದೂಸ್ತಾನಿ ಭಾಷೆಗಳ ಪ್ರಾಧ್ಯಾಪಕನಾದನು. ಹೇಲಿಬರಿ ಕಾಲೇಜೆಂದು ಪ್ರಸಿದ್ಧವಾದ ಅಲ್ಲಿ 1827ರ ವರೆಗೆ ಪಾಠ ಹೇಳಿದನು. ಲಖ್ನೋದ ಮಿರ್ಜಾ ಅಬೂ ತಾಲಿಬ್ ಖಾನನು ಯೂರೋಪನ್ನು ಸಂಚರಿಸಿ ಪಾರಸಿಯಲ್ಲಿ ಬರೆದ ಪ್ರವಾಸಕಥನವನ್ನು 1810ರಲ್ಲಿ ಅನುವಾದಿಸಿದನು. 1813ರಲ್ಲಿ ಬಂಗಾಳದ ಇತಿಹಾಸ ಹೊರಬಂದಿತು. ತೈಮೂರನ ಹಾಗೂ ಹುಮಾಯೂನನ ಕಾಲದ ವೃತ್ತಾಂತಗಳ ಅನುವಾದಗಳು 1830 ಮತ್ತು 1832ರಲ್ಲಿ ಪ್ರಕಟವಾದವು. ಅವನು ತೀರಿಕೊಂಡದ್ದು 1837ರಲ್ಲಿ.

ಅಷ್ಟರಲ್ಲಿ ಕಲ್ಕತ್ತೆಯ ಕಾಲೇಜು ಕ್ಷೀಣಿಸಿ, ಗ್ರಂಥಗಳು ಮತ್ತೆ ಪಯಣ ಹೊರಟಿದ್ದವು. ಒಂದು ಪಾಲು ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಉಳಿಯಿತು. ಇನ್ನೊಂದು ಪಾಲು ಲಂಡನ್ನಿನಲ್ಲಿ ಕಂಪನಿಯ ಗ್ರಂಥಾಲಯಕ್ಕೆ, ತರುವಾಯ ಇಂಡಿಯಾ ಆಫೀಸಿಗೆ, 1982ರಲ್ಲಿ ಬ್ರಿಟಿಷ್ ಲೈಬ್ರರಿಗೆ ಸೇರಿತು. ಸವಣೂರಿನಿಂದ ಹೊರಟ ಕಟ್ಟುಗಳಿಗೆ ಅದು ನಾಲ್ಕನೆಯದೋ ಐದನೆಯದೋ ಬಿಡಾರ.