ಪಕ್ಕವಾದ್ಯದವರ ಚರಿತ್ರೆಯಲ್ಲಿ ಒಂದು ಹೊಸ ಅಧ್ಯಾಯ

ಓಲ್ಡ್ ರಾಜಿಂದರ್ ನಗರವು ದೇಶವಿಭಜನೆಯ ತರುವಾಯ ನಿರಾಶ್ರಿತರಿಗಾಗಿ ಎದ್ದ ಬಡಾವಣೆ. ಈಗ ಅದರ ಇಕ್ಕಟ್ಟಾದ ಕೊಠಡಿಗಳಲ್ಲಿ ನಾಗರಿಕ ಸೇವಾ ಪರೀಕ್ಷೆಗೆ ಓದುವ ತರುಣರು ತುಂಬಿದ್ದಾರೆ; ಅವರಲ್ಲಿ ಕನ್ನಡಿಗರೂ ಉಂಟು. ಕಳೆದ ರಾಜ್ಯೋತ್ಸವದ ವೇಳೆಗೆ ಅಂಥ ಒಬ್ಬ ಧಾರವಾಡದ ತರುಣನು ತಾನೇ ರಚಿಸಿದ ಎಂಟು ಸಾಲುಗಳನ್ನು ಕಂಪ್ಯೂಟರಿಗೆ ಒಪ್ಪಿಸಿ, ಸ್ವಲ್ಪ ಹೊತ್ತಿನಲ್ಲಿಯೇ ಹಾಡಾಗಿ ಕೇಳಿಸಿದನು. ಕಂಠವಿತ್ತು, ಕೊಳಲಿತ್ತು, ತಬಲವೂ ಇತ್ತು. ತಬಲ ನುಡಿಸಿದವರಾರೆಂದು ಅಭ್ಯಾಸಬಲದಿಂದ ಕೇಳಿಬಿಟ್ಟೆನು. ಅವನು ನಕ್ಕನು. ಆ ಪ್ರಶ್ನೆಯು ನಗೆಗೀಡಾದುದರ ಹಿಂದೆ ಒಂದು ಚರಿತ್ರೆಯುಂಟು.

ನಮ್ಮ ಸಂಗೀತದಲ್ಲಿ ಯಂತ್ರವು ಮೊದಲು ಆಕ್ರಮಿಸುವುದು ಮುಖ್ಯಗಾಯಕನ ಸ್ಥಾನವನ್ನಲ್ಲ, ಅವನ ಪಕ್ಕದಲ್ಲಿಯೋ ಹಿಂದೆಯೋ ಕುಳಿತವನ ಸ್ಥಾನವನ್ನು. ಹಾರ್ಮೋನಿಯಮ್ ಬಂದಾಗ ಸ್ಥಾನ ಕಳೆದುಕೊಂಡವರು ಸಾರಂಗಿಯವರು. ಇದೇ ದಿಲ್ಲಿಯ ಆಕಾಶವಾಣಿಯು 1940ರ ಮಾರ್ಚಿನಲ್ಲಿ ಹಾರ್ಮೋನಿಯಮ್ಮಿಗೆ ಬಹಿಷ್ಕಾರ ಹಾಕಿತು. ಸ್ಥಿರವಾದ ಹನ್ನೆರಡು ಸ್ವರಗಳಲ್ಲಿ ಮೀಂಡು ಗಮಕಗಳಿಗೆ ಎಡೆಯಿಲ್ಲವೆಂಬುದು ವಾದ. ನಿಷೇಧವು ಸಡಿಲಗೊಂಡುದು 1971ರಲ್ಲಿ. ವಾದವು ಸುಳ್ಳಲ್ಲ. ಆದರೆ ಪೆಟ್ಟಿಗೆಯ ಹಿಂದೆ ಕಿವಿಯುಳ್ಳ ಮನುಷ್ಯನೊಬ್ಬನಿರುವನೆಂಬುದನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬೆಳಗಾವಿಯ ರಾಮಭಾವು ಬಿಜಾಪುರೆಯವರ ಸಾಥಿಯನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮುಂದಿನ ಹೆಜ್ಜೆ ಬೆಂಗಳೂರಿನದು. ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಿಗೆ ಅದರಿಂದಾದ ಉಪಕಾರವು ಅಲ್ಪವಲ್ಲ. ಮೂರನೆಯ ಅಂತಸ್ತಿನ ಬಾಡಿಗೆಮನೆಯಲ್ಲಿಯೂ ಮಕ್ಕಳಿಗೆ ಶುದ್ಧ ಶ್ರುತಿ ದೊರಕಿತು. ಹಾಗಿದ್ದರೂ ಗುರುವಿನ ಹಿಂದೆ ತಂಬೂರಿ ಮೀಟುತ್ತಿದ್ದ ಶಿಷ್ಯನು ಶ್ರುತಿಯನ್ನು ಕೊಡುತ್ತಿದ್ದುದು ಮಾತ್ರವಲ್ಲ, ಕೇಳಿ ಕೇಳಿ ವಿದ್ಯೆಯನ್ನು ಪಡೆಯುತ್ತಲೂ ಇದ್ದನು. ಆ ಪಾಠಶಾಲೆಯು ಸದ್ದಿಲ್ಲದೆ ಮುಚ್ಚುತ್ತ ಬಂದಿತು.

ಸಂಗೀತ ನಿರ್ಮಾಣದ ತಂತ್ರಾಂಶಗಳಲ್ಲಿ ಇದೇ ಕ್ರಮವು ಮರುಕಳಿಸಿದೆ. ಆ್ಯಪಲ್ ಕಂಪನಿಯ ಲಾಜಿಕ್ ಪ್ರೊದಲ್ಲಿ 2013ರಲ್ಲಿ ಯಾಂತ್ರಿಕ ಡ್ರಮ್ ವಾದಕನು ಕಾಣಿಸಿಕೊಂಡನು. 2024ರ ಮೇ ತಿಂಗಳಲ್ಲಿ ಬೇಸ್ ಮತ್ತು ಕೀಬೋರ್ಡ್ ವಾದಕರೂ ಜೊತೆಗೂಡಿದರು. ಇಲ್ಲಿಯೂ ಮೊದಲು ಬಂದವರು ಪಕ್ಕವಾದ್ಯದವರೇ. ಈ ನಡುವೆ, 2023ರ ಕೊನೆಯಲ್ಲಿ ಸುನೋ, 2024ರ ಏಪ್ರಿಲಿನಲ್ಲಿ ಯೂಡಿಯೊ ಸಾರ್ವಜನಿಕರ ಕೈಗೆ ಬಂದು, ಬರೆದ ಮಾತಿನಿಂದಲೇ ಇಡೀ ಹಾಡನ್ನು ಹೊರಡಿಸತೊಡಗಿದುವು. ಹಿಂದಿನ ಯಂತ್ರಗಳಿಗೂ ಇವಕ್ಕೂ ಇರುವ ಅಂತರವನ್ನು ಸ್ಪಷ್ಟವಾಗಿ ತಿಳಿಯಬೇಕು. ಧ್ವನಿಮುದ್ರಣಯಂತ್ರವು ಒಬ್ಬರು ನುಡಿಸಿದುದನ್ನು ಹಿಡಿದಿಡುತ್ತದೆ. ಉತ್ಪಾದಕ ಕೃತಕ ಬುದ್ಧಿಮತ್ತೆಯು ಅಸಂಖ್ಯ ಮುದ್ರಿಕೆಗಳಿಂದ ಯಾವ ಧ್ವನಿಯ ಬಳಿಕ ಯಾವುದು ಬರುವುದೆಂಬ ಸಂಭಾವ್ಯತೆಯನ್ನು ಗ್ರಹಿಸಿ, ಯಾರೂ ನುಡಿಸದುದನ್ನು ರಚಿಸುತ್ತದೆ. ಕಲಿತದ್ದು ಸಾವಿರಾರು ಬೆರಳುಗಳಿಂದ. ಋಣಪತ್ರದಲ್ಲಿ ಒಂದು ಹೆಸರೂ ಇಲ್ಲ.

2024ರ ಜೂನಿನಲ್ಲಿ ಅಮೆರಿಕದ ದೊಡ್ಡ ಧ್ವನಿಮುದ್ರಣ ಕಂಪನಿಗಳು ಈ ಎರಡು ಸಂಸ್ಥೆಗಳ ಮೇಲೆ ದಾವೆ ಹೂಡಿದುವು; 2025ರಲ್ಲಿ ಕೆಲವು ರಾಜಿಯಾದುವು. ಅಲ್ಲಿ ವಾದಿಗಳಾದವರು ಮುದ್ರಿಕೆಗಳ ಒಡೆಯರು, ವಾದಕರಲ್ಲ. 2024ರಲ್ಲಿಯೇ ಎ. ಆರ್. ರಹಮಾನ್ ಅವರು ದಿವಂಗತ ಗಾಯಕರಿಬ್ಬರ ಕಂಠವನ್ನು ಈ ವಿದ್ಯೆಯಿಂದ ಮರಳಿಸಿದಾಗ ಅವರ ಕುಟುಂಬಗಳ ಅನುಮತಿ ಪಡೆದು ಸಂಭಾವನೆ ಕೊಟ್ಟರು. ಅದು ಸಾಧ್ಯವಾದುದು ಆ ಕಂಠಗಳಿಗೆ ಹೆಸರುಗಳಿದ್ದುದರಿಂದ. 2025ರಲ್ಲಿ ತೆರೆಕಂಡ ‘ಲವ್ ಯೂ’ ಎಂಬ ಕನ್ನಡ ಚಲನಚಿತ್ರದ ಹಾಡುಗಳನ್ನೂ ಕೃತಕ ಬುದ್ಧಿಮತ್ತೆಯಿಂದ ಸಿದ್ಧಪಡಿಸಿದರು. ಅಲ್ಲಿ ಪಿಟೀಲಿನವರನ್ನು ಹುಡುಕುವವನಿಗೆ ನನ್ನ ಗತಿಯೇ ಆದೀತು.

ಹೊರನಾಡಿನ ಸಂಘಗಳ ಕಪಾಟುಗಳಲ್ಲಿ ಹಳೆಯ ಕಚೇರಿಗಳ ಧ್ವನಿಸುರುಳಿಗಳುಂಟು; ಮೇಲೆ ಗಾಯಕರ ಹೆಸರು, ಇಸವಿ, ಅಷ್ಟೆ. ಅವನ್ನು ಗಣಕಕ್ಕೆ ಏರಿಸುವ ಮಾತು ಈಗ ಅಲ್ಲಲ್ಲಿ ಕೇಳಿಬರುತ್ತಿದೆ. ಒಮ್ಮೆ ಏರಿದ ಧ್ವನಿಯು ಯಾವ ಯಂತ್ರದ ಪಾಠವಾಗುವುದೋ ಹೇಳಬರುವಂತಿಲ್ಲ. ಆ ಕಚೇರಿಗಳ ಆಮಂತ್ರಣಪತ್ರಿಕೆಗಳು ವಾಚಕರಲ್ಲಿ ಯಾರ ಬಳಿಯಲ್ಲಾದರೂ ಉಳಿದಿದ್ದರೆ, ಮೃದಂಗ, ಪಿಟೀಲು, ತಂಬೂರಿಗಳಿಗೆ ಕುಳಿತವರ ಹೆಸರುಗಳನ್ನು ಆಯಾ ಸಂಘಕ್ಕೆ ಬರೆದು ಕಳುಹಿಸಬೇಕೆಂದು ಕೋರುತ್ತೇನೆ. ತಂಬೂರಿಯವರ ಹೆಸರನ್ನು ಪತ್ರಿಕೆಗಳಲ್ಲಿಯೂ ಮುದ್ರಿಸುತ್ತಿದ್ದುದು ವಿರಳ. ಅದಕ್ಕೆ ಮನೆಯ ಹಿರಿಯರನ್ನೇ ಕೇಳಬೇಕು.