ಗಣಕಯಂತ್ರದ ಎಚ್ಚರಿಕೆ ಮತ್ತು ವೈದ್ಯರ ಹೊಣೆ

ಔಷಧಿಗಳ ಚರಿತ್ರೆಯೆಂದರೆ ಅವುಗಳ ಆವಿಷ್ಕಾರದ ಚರಿತ್ರೆಯೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅವುಗಳ ಬಳಕೆಗೆ ಮಿತಿಯನ್ನು ವಿಧಿಸಲು ನಡೆದ ಪ್ರಯತ್ನಗಳ ಚರಿತ್ರೆಯೂ ಅಷ್ಟೇ ಮಹತ್ವದ್ದು. 1928ರಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗರು, ಅಲ್ಪ ಪ್ರಮಾಣದ ಸೇವನೆಯಿಂದ ರೋಗಾಣುಗಳು ಆ ಔಷಧಿಗೆ ಬಗ್ಗದಂತಾಗುವುವೆಂದು 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲಿಯೇ ಎಚ್ಚರಿಸಿದ್ದರು. ಅನಾವಶ್ಯಕ ಸೇವನೆಯ ಫಲವೂ ಅದೇ ಎಂಬುದು ಇಂದು ಸರ್ವವಿದಿತ. ಆದರೂ ವೈರಸ್ಸಿನಿಂದುಂಟಾಗುವ ನೆಗಡಿಗೆ ಆಂಟಿಬಯೋಟಿಕ್ ಬರೆದುಕೊಡುವ ರೂಢಿ ಹೊರರೋಗಿ ಚಿಕಿತ್ಸಾಲಯಗಳಲ್ಲಿ ಅಳಿಯಲಿಲ್ಲ. ಇದಕ್ಕೆ ಅಜ್ಞಾನವೊಂದೇ ಕಾರಣವೆ?

ಅಮೆರಿಕದ ಇಂಡಿಯಾನಾಪೊಲಿಸ್ ನಗರದ ವೈದ್ಯ ಕ್ಲೆಮೆಂಟ್ ಮ್ಯಾಕ್‌ಡೊನಾಲ್ಡರು 1976ರಲ್ಲಿ ಪ್ರಕಟಿಸಿದ ಪ್ರಯೋಗವು ಇಲ್ಲಿ ಸ್ಮರಣೀಯವಾದುದು. ಅದು ಆಂಟಿಬಯೋಟಿಕ್‌ಗಳನ್ನು ಕುರಿತುದಲ್ಲ. ಚಿಕಿತ್ಸೆಯಲ್ಲಿ ವೈದ್ಯರು ಗಮನಿಸಬೇಕಾದ ಸಂಗತಿಗಳನ್ನು ಗಣಕಯಂತ್ರವು ನೆನಪಿಸಿದರೆ ಏನಾಗುವುದೆಂಬುದನ್ನು ಪರೀಕ್ಷಿಸಿದುದು. ನೆನಪಿಸಿದಾಗ ವೈದ್ಯರು ಶೇಕಡ 51ರಷ್ಟು, ನೆನಪಿಸದಿದ್ದಾಗ ಶೇಕಡ 22ರಷ್ಟು ಸಂದರ್ಭಗಳಲ್ಲಿ ಕ್ರಮ ಕೈಗೊಂಡರು. ಲೋಪಗಳಿಗೆ ಕಾರಣ ಬಹುಪಾಲು ಮಾನವನ ಗಮನಶಕ್ತಿಯ ಮಿತಿಯೇ ಎಂಬುದು ಅವರ ತೀರ್ಮಾನ.

2009ರ ಶಾಸನದ ಪ್ರೋತ್ಸಾಹದಿಂದ ಆ ದೇಶದಲ್ಲಿ ವಿದ್ಯುನ್ಮಾನ ವೈದ್ಯಕೀಯ ದಾಖಲೆಗಳು ವ್ಯಾಪಕವಾದ ಮೇಲೆ, ಆಂಟಿಬಯೋಟಿಕ್‌ಗಳ ವಿಷಯದಲ್ಲಿಯೂ ಇಂಥ ಪ್ರಯತ್ನಗಳು ನಡೆದುವು. ಬಾಸ್ಟನ್ ಮತ್ತು ಲಾಸ್ ಏಂಜಲಿಸ್ ಪ್ರದೇಶಗಳ 47 ಚಿಕಿತ್ಸಾಲಯಗಳಲ್ಲಿ 248 ಮಂದಿ ಚಿಕಿತ್ಸಕರನ್ನೊಳಗೊಂಡು ನಡೆದ ಪ್ರಯೋಗದ ಫಲಿತಾಂಶ 2016ರಲ್ಲಿ ಹೊರಬಂದಿತು. ಅಲ್ಲಿ ಮೂರು ಉಪಾಯಗಳನ್ನು ಪರೀಕ್ಷಿಸಲಾಗಿತ್ತು. ಮೊದಲನೆಯದು, ಬದಲಿ ಚಿಕಿತ್ಸೆಗಳನ್ನು ಪರದೆಯ ಮೇಲೆ ಸೂಚಿಸುವುದು. ಎರಡನೆಯದು, ಆಂಟಿಬಯೋಟಿಕ್ ಬರೆಯುವ ವೈದ್ಯರಿಂದ ಲಿಖಿತ ಕಾರಣವನ್ನು ಕೇಳುವುದು. ಬರೆದ ಕಾರಣವು ರೋಗಿಯ ದಾಖಲೆಯಲ್ಲಿ ಉಳಿಯುತ್ತಿತ್ತು, ಬರೆಯದಿದ್ದರೆ ಕಾರಣ ಕೊಟ್ಟಿಲ್ಲವೆಂಬ ಮಾತೇ ಅಲ್ಲಿ ದಾಖಲಾಗುತ್ತಿತ್ತು. ಮೂರನೆಯದು, ಸಹವೈದ್ಯರೊಡನೆ ಹೋಲಿಸಿ ಅವರವರ ಸ್ಥಾನವನ್ನು ಪತ್ರಮುಖೇನ ತಿಳಿಸುವುದು.

ಕಾರಣ ಕೇಳಿದ ಕಡೆ ಅನುಚಿತ ಬಳಕೆಯು ಶೇಕಡ 23.2ರಿಂದ 5.2ಕ್ಕೂ, ಹೋಲಿಕೆಯ ಪತ್ರ ಹೋದ ಕಡೆ 19.9ರಿಂದ 3.7ಕ್ಕೂ ಇಳಿಯಿತು. ಯಾವ ಉಪಾಯವನ್ನೂ ಅನುಸರಿಸದ ಕಡೆಯೂ 24.1ರಿಂದ 13.1ಕ್ಕೆ ಇಳಿದುದರಿಂದ, ಇಳಿಕೆಯೆಲ್ಲವನ್ನೂ ಈ ಉಪಾಯಗಳ ಫಲವೆಂದು ನಾವು ಎಣಿಸಲಾಗದು. ಬರಿಯ ಸೂಚನೆಯಿಂದ ಮಾತ್ರ ನಿರ್ವಿವಾದವಾದ ಲಾಭವು ಕಂಡುಬರಲಿಲ್ಲ. ಉಪಾಯಗಳನ್ನು ನಿಲ್ಲಿಸಿದ ಮುಂದಿನ ಹನ್ನೆರಡು ತಿಂಗಳಲ್ಲಿ, ಕಾರಣ ಕೇಳಿದ್ದ ಕಡೆ ಅನುಚಿತ ಬಳಕೆ ಮತ್ತೆ ಏರಿತು. ಹೋಲಿಕೆಯ ಪರಿಣಾಮ ಹೆಚ್ಚು ಕಾಲ ಉಳಿಯಿತು.

ಇದರಿಂದ ನಮಗೆ ವ್ಯಕ್ತವಾಗುವುದಿಷ್ಟೆ: ಮರೆತುದನ್ನು ಯಂತ್ರವು ನೆನಪಿಸಬಲ್ಲುದು; ಆದರೆ ತಿಳಿದೂ ಮಾಡುವ ತಪ್ಪನ್ನು ತಡೆಯುವುದು ಜ್ಞಾಪನೆಗಿಂತ ಹೆಚ್ಚಾಗಿ ಹೊಣೆಗಾರಿಕೆಯೇ. ಆ ಹೊಣೆಯು ಪರದೆಯ ಮೇಲಷ್ಟೇ ಇದ್ದರೆ ಪರದೆಯೊಡನೆಯೇ ಮರೆಯಾಗುತ್ತದೆ. ವೃತ್ತಿಬಾಂಧವರ ನಡುವೆ ನೆಲೆಗೊಂಡರೆ ಹೆಚ್ಚು ಕಾಲ ಬಾಳುತ್ತದೆ.