ನಮ್ಮ ಮಾರುತಿ, ಕೆ-1000 ಮತ್ತು ಅಪ್ಪನ ಬಾಯಿಲೆಕ್ಕ

ತೊಗರಿ ಸೀಜನ್ನಿನಲ್ಲಿ ಕಲಬುರಗಿಯ ನೆಹರು ಗಂಜ್ ನೋಡಿದವರಿಗೆ ಗೊತ್ತು, ಅಲ್ಲಿ ಒಂದು ಸೈಕಲ್ ನಿಲ್ಲಿಸೋದಕ್ಕೂ ಜಾಗ ಸಿಗಲ್ಲ. ಲಾರಿ, ಟಂಟಂ, ಚೀಲ ಹೊತ್ತ ಹಮಾಲರು, ಎಲ್ಲದರ ಮೇಲೂ ತೆಳ್ಳಗೆ ಕೂತ ತೊಗರಿ ಹೊಟ್ಟಿನ ಧೂಳು. ಇಷ್ಟರ ಮಧ್ಯೆ ನಮ್ಮ ಅಡತಿ ಅಂಗಡಿ ಪಕ್ಕದ ಬೇವಿನ ಮರದ ಕೆಳಗೆ ಒಂದು ಜಾಗ ಮಾತ್ರ ಯಾವಾಗಲೂ ರಿಸರ್ವ್. ಅಲ್ಲಿ ನಿಂತಿರೋದು 1997ರ ಮಾರ್ಚಿನಲ್ಲಿ ರಿಜಿಸ್ಟರ್ ಆದ ಬಿಳಿ ಮಾರುತಿ 800. ನನಗಿಂತ ಮೂರು ತಿಂಗಳು ದೊಡ್ಡದು. ಲೆಕ್ಕದ ಪ್ರಕಾರ ನಾನು ಅದನ್ನ ಅಕ್ಕ ಅನ್ನಬೇಕು :-)

ಮೊನ್ನೆ ಊರಿಗೆ ಹೋದಾಗ ಅಪ್ಪ ಊಟಕ್ಕೆ ಕೂತಾಗ ವಿಷಯ ತೆಗೆದರು.

"ಗುಜರಿಯವ ಹದಿನೆಂಟು ಸಾವಿರ ಕೊಡ್ತೀನಿ ಅಂದಾನ ತಮ್ಮಾ. ಇನ್ನ ಆ ಡಬ್ಬಿಗಿ ಹತ್ತು ಸಾವಿರ ಫೀಸ್ ಕಟ್ಟಿ ಐದು ವರ್ಷ ಆಯುಷ್ಯ ಕೊಡಸ್ತೀ ಏನು?"

ಹತ್ತು ಸಾವಿರದ ಕಥೆ ಹೀಗಿದೆ. ಖಾಸಗಿ ಕಾರಿನ ಆರ್.ಸಿ. ಹದಿನೈದು ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಐದೈದು ವರ್ಷಕ್ಕೆ ರಿನೀವಲ್. 2022ರ ಮಾರ್ಚಿನಲ್ಲಿ ನಾವು ಮಾಡಿಸಿದಾಗ ಕೇಂದ್ರದ ಫೀಸು 600 ರೂಪಾಯಿ ಇತ್ತು. ಆ ಏಪ್ರಿಲ್ 1ರಿಂದಲೇ ಅದು 5,000 ಆಯ್ತು. 2025ರ ಆಗಸ್ಟಿನಲ್ಲಿ ಬಂದ ತಿದ್ದುಪಡಿಯಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000. ನಮ್ಮ ಸರದಿ 2027ರ ಮಾರ್ಚಿಗೆ. ಹದಿನೆಂಟು ಸಾವಿರದ ಗಾಡಿಗೆ ಹತ್ತು ಸಾವಿರ ಫೀಸು. ಅಡತಿ ಲೆಕ್ಕದಲ್ಲಿ ನೋಡಿದರೆ ಅಪ್ಪ ಹೇಳೋದು ಖರೇನೇ.

ಆದರೆ ನನಗೆ ಆ ಕಾರು ಬೇಕು. ಯಾಕಂದ್ರೆ ಅದರಲ್ಲಿ ರ‍್ಯಾಲಿ ಮಾಡಬೇಕು ಅನ್ನೋ ಹುಚ್ಚು ಹಿಡಿದಿದೆ. ಅಪ್ಪನ ಮುಂದೆ ಇದನ್ನ ಹೇಳಿದಾಗ ಅವರು ರೊಟ್ಟಿ ಮುರಿಯೋದು ನಿಲ್ಲಿಸಿ "ಯಾವ ಪಾರ್ಟಿಯ ರ‍್ಯಾಲಿ?" ಅಂದರು. ಅದಕ್ಕೇ ಈ ಬರಹ.

ರೇಸ್ ಬೇರೆ, ರ‍್ಯಾಲಿ ಬೇರೆ. ರೇಸಿನಲ್ಲಿ ಎಲ್ಲರೂ ಒಟ್ಟಿಗೆ ಒಂದು ಟ್ರ್ಯಾಕಿನಲ್ಲಿ ಓಡ್ತಾರೆ. ರ‍್ಯಾಲಿಯಲ್ಲಿ ಒಂದೊಂದೇ ಕಾರು ಸಮಯದ ಅಂತರದಲ್ಲಿ ಹೊರಡುತ್ತೆ, ಸಾಮಾನ್ಯ ರಸ್ತೆಯಲ್ಲೇ ಊರಿಂದೂರಿಗೆ ಹೋಗುತ್ತೆ, ನಡುವೆ ಅಲ್ಲಲ್ಲಿ ಮುಚ್ಚಿದ ರಸ್ತೆಗಳಲ್ಲಿ ಗಡಿಯಾರದ ಜೊತೆ ಸ್ಪರ್ಧೆ. ಹಾಗಾಗಿ ರೇಸ್ ಕಾರಿಗೆ ನಂಬರ್ ಪ್ಲೇಟ್ ಇರಲ್ಲ, ರ‍್ಯಾಲಿ ಕಾರಿಗೆ ಇರುತ್ತೆ. ಆರ್.ಸಿ. ಹೋದರೆ ರ‍್ಯಾಲಿಯೂ ಹೋಯ್ತು. 1911ರಲ್ಲಿ ಮೊದಲ ಮಾಂಟೆ ಕಾರ್ಲೋ ರ‍್ಯಾಲಿ ನಡೆದಾಗ ಅದರ ಅರ್ಥವೇ ಬೇರೆಬೇರೆ ಊರುಗಳಿಂದ ಹೊರಟು ಒಂದು ಕಡೆ ಬಂದು ಸೇರೋದು ಅಂತಿತ್ತು. ಅಂದರೆ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋದ ಹಾಗೆ.

ಈ ಇತಿಹಾಸದಲ್ಲಿ ನನಗೆ ಅತ್ಯಂತ ಇಷ್ಟವಾದವನು ಜೋಗಿಂದರ್ ಸಿಂಗ್. ಕೀನ್ಯಾದಲ್ಲಿ ಹುಟ್ಟಿದ ಸರ್ದಾರ, ಮೆಕ್ಯಾನಿಕ್. 1953ರಲ್ಲಿ ಶುರುವಾದ ಪೂರ್ವ ಆಫ್ರಿಕಾದ ಸಫಾರಿ ರ‍್ಯಾಲಿ ಜಗತ್ತಿನ ಅತಿ ಕಠಿಣ ರ‍್ಯಾಲಿ ಅಂತ ಹೆಸರಾಗಿತ್ತು. ಕೆಸರು, ಧೂಳು, ಸಾವಿರಾರು ಕಿಲೋಮೀಟರ್. 1965ರಲ್ಲಿ ಜೋಗಿಂದರ್ ತಮ್ಮ ಜಸ್ವಂತ್ ಜೊತೆ ಒಂದು ವೋಲ್ವೋ ಪಿವಿ544ರಲ್ಲಿ ಅದನ್ನ ಗೆದ್ದ. ಆ ಕಾರು ಹೊಸದಲ್ಲ. ಹಿಂದಿನ ವರ್ಷ ಬೇರೆಯವರು ಓಡಿಸಿದ್ದ ಸೆಕೆಂಡ್ ಹ್ಯಾಂಡ್ ಗಾಡಿ. ಆಮೇಲೆ 1974 ಮತ್ತು 1976ರಲ್ಲಿ ಮಿತ್ಸುಬಿಷಿ ಲ್ಯಾನ್ಸರಿನಲ್ಲಿ ಮತ್ತೆರಡು ಸಲ ಗೆದ್ದ. ಆದರೆ ನನ್ನ ಮಟ್ಟಿಗೆ 1965ರದ್ದೇ ನಿಜವಾದ ಗೆಲುವು.

ಈಗ ನಮ್ಮ ದೇಶಕ್ಕೆ ಬರೋಣ. ಇಲ್ಲಿ ಹಳೇ ಕಾರು ಇಟ್ಟುಕೊಳ್ಳೋದು ಹವ್ಯಾಸ ಆಗಿರಲಿಲ್ಲ, ಬೇರೆ ದಾರಿನೇ ಇರಲಿಲ್ಲ. 1953ರ ಸುಂಕ ಆಯೋಗದ ವರದಿಯ ನಂತರ ಬರೀ ಬಿಡಿಭಾಗ ತಂದು ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್, ಫೋರ್ಡ್ ಅಂಗಡಿ ಮುಚ್ಚಿ ಹೋದವು. ಮನೆಮಂದಿಯ ಕಾರು ಅಂದರೆ ಉಳಿದದ್ದು ಮೂರು. ಮಾರಿಸ್ ಆಕ್ಸ್‌ಫರ್ಡ್ ಮೈಯಿನ ಅಂಬಾಸಿಡರ್, 1961ರಲ್ಲಿ ಮದ್ರಾಸಿನಿಂದ ಬಂದ ಸ್ಟ್ಯಾಂಡರ್ಡ್ ಹೆರಾಲ್ಡ್, ಮತ್ತೆ ಮುಂಬೈಯ ಪ್ರೀಮಿಯರ್ ಕಂಪನಿಯ ಫಿಯಟ್ 1100. ಈ ಫಿಯಟ್ಟೇ 1970ರ ದಶಕದಲ್ಲಿ ಪದ್ಮಿನಿ ಅಂತ ಹೆಸರು ಬದಲಿಸಿಕೊಂಡದ್ದು. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಕಾದು ತಂದ ಗಾಡಿಯನ್ನ ಯಾರು ಗುಜರಿಗೆ ಹಾಕ್ತಾರೆ ಹೇಳಿ?

ಹಾಗಾಗಿ ನಮ್ಮಲ್ಲಿ ರ‍್ಯಾಲಿಗೆ ಇಳಿದವರೂ ಇವನ್ನೇ ಇಳಿಸಿದರು. ಪದ್ಮಿನಿಯ ಇಂಜಿನ್ 1089 ಸಿ.ಸಿ., ಶಕ್ತಿ ನಲವತ್ತು ಕುದುರೆಯ ಆಸುಪಾಸು, ಗೇರು ಸ್ಟಿಯರಿಂಗ್ ಪಕ್ಕದಲ್ಲಿ. ಇದರಲ್ಲಿ ಏನು ರ‍್ಯಾಲಿ ಅಂತ ಇವತ್ತಿನವರು ನಗಬಹುದು. ಆದರೆ ಗೆಲ್ಲೋಕೆ ಮೊದಲು ಮುಗಿಸಬೇಕು, ಮುಗಿಸೋದಕ್ಕೆ ಗಾಡಿ ದಾರಿ ಮೇಲೇ ರಿಪೇರಿ ಆಗಬೇಕು. ಹೆರಾಲ್ಡಿನ ಬಾನೆಟ್ ಮಡ್‌ಗಾರ್ಡ್ ಸಮೇತ ಮುಂದಕ್ಕೆ ತೆರೆಯುತ್ತೆ, ಟೈರಿನ ಮೇಲೆ ಕೂತು ಇಂಜಿನ್ ಕೆಲಸ ಮಾಡಬಹುದು. ಪದ್ಮಿನಿಯ ಹಿಂದಿನ ಪಾಟಾ ಮುರಿದರೆ ಯಾವ ಊರಿನ ಲಾರಿ ಗ್ಯಾರೇಜಿನಲ್ಲಾದರೂ ಒಂದು ಪಟ್ಟಿ ಸೇರಿಸಿ ಕೊಡ್ತಾರೆ. ಬಿಸಿಲಿಗೆ ಪೆಟ್ರೋಲ್ ಪಂಪಿನಲ್ಲೇ ಆವಿಯಾಗಿ ಗಾಡಿ ನಿಂತರೆ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾಯೋದು. ಈ ಒದ್ದೆ ಬಟ್ಟೆ ವಿದ್ಯೆ ಕಲಬುರಗಿಯ ಮೇ ತಿಂಗಳಲ್ಲಿ ಕಾರು ಓಡಿಸಿದ ಎಲ್ಲ ಹಿರಿಯರಿಗೂ ಗೊತ್ತು.

ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1970ರ ದಶಕದಲ್ಲಿ ಕೆ-1000 ಅನ್ನೋ ರ‍್ಯಾಲಿ ಶುರುಮಾಡಿತು. ಕೆ ಅಂದರೆ ಕರ್ನಾಟಕ, ಸಾವಿರ ಅಂದರೆ ಕಿಲೋಮೀಟರ್. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರಲ್ಲಿ. ಅದಾಗಿ ಕೆಲವೇ ವರ್ಷದಲ್ಲಿ ಆ ಹೆಸರು ಹೊತ್ತು ಕಾರುಗಳು ಸಾವಿರ ಕಿಲೋಮೀಟರ್ ಓಡಿದವು ಅನ್ನೋದು ನನಗೆ ಸಣ್ಣ ಹೆಮ್ಮೆ. 1980ರಲ್ಲಿ ಹಿಮಾಲಯನ್ ರ‍್ಯಾಲಿ ಬಂತು, ವಿದೇಶಿ ತಂಡಗಳೂ ಬಂದವು. 1988ರಿಂದ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್ ಶುರುವಾಯಿತು, ಮುಂದೆ ಕೆ-1000 ಅದರ ಸುತ್ತುಗಳಲ್ಲಿ ಒಂದಾಯಿತು.

ಅಷ್ಟರಲ್ಲಿ ಮಾರುತಿ ಬಂದಿತ್ತು. 1983ರ ಡಿಸೆಂಬರ್ 14ಕ್ಕೆ ಮೊದಲ 800 ಕೈಗೆ ಬಂತು, 1985ರಲ್ಲಿ ಜಿಪ್ಸಿ. 796 ಸಿ.ಸಿ., ಮೂರು ಸಿಲಿಂಡರ್, ಆರೂವರೆ ಕ್ವಿಂಟಲ್ ತೂಕದ ಗಾಡಿ (ಗಂಜಿನವರಿಗೆ ಕ್ವಿಂಟಲ್ಲಿನಲ್ಲಿ ಹೇಳಿದರೆ ಬೇಗ ಅರ್ಥ ಆಗುತ್ತೆ). ಕೊಯಮತ್ತೂರಿನ ಎಸ್. ಕರಿವರ್ಧನ್ ಇದೇ ಇಂಜಿನ್ ಕೂರಿಸಿ ಫಾರ್ಮುಲಾ ಮಾರುತಿ ಅನ್ನೋ ಅಗ್ಗದ ರೇಸ್ ಕಾರು ಕಟ್ಟಿದರು. ತರಕಾರಿ ತರೋ ಕಾರಿನ ಇಂಜಿನ್ನಿನಿಂದ ಒಂದು ತಲೆಮಾರು ರೇಸ್ ಕಲಿಯಿತು. ರ‍್ಯಾಲಿಯಲ್ಲಿ ಚಂಡೀಗಢದ ಹರಿ ಸಿಂಗ್ ಜಿಪ್ಸಿಯಲ್ಲಿ ಹೆಸರು ಮಾಡಿದರು. ಆ ಜಿಪ್ಸಿ ಎಷ್ಟು ಗಟ್ಟಿ ಅಂದರೆ, 2019ರಲ್ಲಿ ಜನಸಾಮಾನ್ಯರಿಗೆ ಮಾರೋದು ನಿಂತಮೇಲೂ ರಾಷ್ಟ್ರೀಯ ರ‍್ಯಾಲಿಗಳಲ್ಲಿ ಅದಕ್ಕೇ ಅಂತ ಪ್ರತ್ಯೇಕ ವರ್ಗ ನಡೆಯಿತು.

ಮೇಲಿನ ಮಟ್ಟದಲ್ಲಿ ಮಾತ್ರ ದುಡ್ಡು ಬಂದುಬಿಟ್ಟಿತು. 2016ರಲ್ಲಿ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಷಿಪ್ಪಿನ ಸುತ್ತು ನಡೆದಾಗ ಗೌರವ್ ಗಿಲ್ ಓಡಿಸಿದ್ದು ರ‍್ಯಾಲಿಗೆ ಅಂತಲೇ ಕಟ್ಟಿದ ಸ್ಕೋಡಾ ಫೇಬಿಯಾ ಆರ್5. ಅದರ ಬೆಲೆಯಲ್ಲಿ ಗಂಜಿನಲ್ಲಿ ಒಂದು ಅಡತಿ ಅಂಗಡಿಯನ್ನೇ ಕೊಳ್ಳಬಹುದೇನೋ. ಗಿಲ್‌ಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು, ಮೋಟಾರ್ ಸ್ಪೋರ್ಟಿಗೆ ಅದೇ ಮೊದಲು. ಅವರ ಪಕ್ಕದ ಸೀಟಿನಲ್ಲಿ ಎಷ್ಟೋ ರ‍್ಯಾಲಿಗಳಲ್ಲಿ ಕೂತು ದಾರಿ ಓದಿದವರು ಕಾಸರಗೋಡಿನ ಮೂಸಾ ಶರೀಫ್. ಪೇಪರಿನಲ್ಲಿ ಡ್ರೈವರ್ ಫೋಟೋ ಮಾತ್ರ ಬರುತ್ತೆ. ಆದರೆ ತಿರುವು ಬರೋ ಮೊದಲೇ ಅದು ಎಷ್ಟು ಕಡಿದು ಅಂತ ಹೇಳೋನು ನ್ಯಾವಿಗೇಟರ್.

ಇನ್ನು ಬಡವರ ರ‍್ಯಾಲಿ. ಅದರ ಹೆಸರು ಟಿ.ಎಸ್.ಡಿ. ಅಂದರೆ ಸಮಯ, ವೇಗ, ದೂರ. ಇಲ್ಲಿ ಯಾರು ಜೋರಾಗಿ ಬಂದರು ಅನ್ನೋದು ಲೆಕ್ಕಕ್ಕಿಲ್ಲ. ಸಂಘಟಕರು ಕೊಟ್ಟ ಸರಾಸರಿ ವೇಗದಲ್ಲಿ ಸರಿಯಾಗಿ ಬಂದವನೇ ಗೆಲ್ಲೋದು. ತಡವಾದರೂ ದಂಡ, ಬೇಗ ಬಂದರೂ ದಂಡ. ಬಹಳ ಕಡೆ ಬೇಗ ಬಂದವನಿಗೇ ಹೆಚ್ಚು. ಕೈಗೆ ಕೊಡೋ ರೋಡ್‌ಬುಕ್ಕಿನಲ್ಲಿ ಪ್ರತಿ ತಿರುವಿಗೂ ಒಂದು ಚುಕ್ಕೆ-ಬಾಣದ ಚಿತ್ರ. ನೆದರ್ಲ್ಯಾಂಡ್ಸಿನ ಟ್ಯುಲಿಪ್ ರ‍್ಯಾಲಿಯಿಂದ ಬಂದದ್ದಕ್ಕೆ ಅದಕ್ಕೆ ಟ್ಯುಲಿಪ್ ಅಂತಲೇ ಹೆಸರು. 1999ರಲ್ಲಿ ಶುರುವಾದ ರೇಡ್ ಡಿ ಹಿಮಾಲಯ, 2009ರಲ್ಲಿ ಬೆಂಗಳೂರಿನಿಂದ ಹೊರಟ ದಕ್ಷಿಣ್ ಡೇರ್, ಎರಡರಲ್ಲೂ ಮಾಮೂಲಿ ಕಾರಿನವರಿಗೆ ಅಂತ ಈ ಬಗೆಯ ವಿಭಾಗ ಇತ್ತು. ಬೇಕಾದದ್ದು ಆರ್.ಸಿ., ಇನ್ಶೂರೆನ್ಸ್, ಒಂದು ಗಡಿಯಾರ, ಲೆಕ್ಕ ಬರೋ ಒಬ್ಬ ಮನುಷ್ಯ.

ನಾನು ಇದನ್ನ ನಮ್ಮೂರಲ್ಲೇ ಪ್ರಯೋಗ ಮಾಡಬೇಕು ಅಂದುಕೊಂಡೆ. ಮೊದಲು ನಮ್ಮ ಉಸ್ತಾದ್ ಹತ್ತಿರ ಹೋದೆ. ಅವರ ತಂದೆ ಆರ್.ಟಿ.ಡಿ. ಡಿಪೋದಲ್ಲಿ ಕೆಲಸ ಕಲಿತವರಂತೆ. ಆರ್.ಟಿ.ಡಿ. ಅಂದರೆ ನಿಜಾಮರ ರೈಲ್ವೆ 1932ರಲ್ಲಿ 27 ಬಸ್ಸುಗಳಿಂದ ಶುರುಮಾಡಿದ ಸಾರಿಗೆ. ನಮ್ಮ ಭಾಗದ ಗ್ಯಾರೇಜು ವಿದ್ಯೆಗೆ ಅಂಥದ್ದೊಂದು ಬೇರು ಇದೆ. ಉಸ್ತಾದ್ ಏರ್ ಫಿಲ್ಟರ್ ತೆಗೆದು ನೆಲಕ್ಕೆ ಬಡಿದರು, ಒಂದು ಮುಷ್ಟಿ ತೊಗರಿ ಧೂಳು ಬಿತ್ತು. "ಇಂಜಿನ್ ಜವಾನ್ ಅದ ಬೇಟಾ, ಮೂಗು ಕಟ್ಟ್ಯಾದ ಅಷ್ಟೇ" ಅಂದರು. ಕಾರ್ಬೊರೇಟರ್ ಬಿಚ್ಚಿ ತೊಳೆದು, ಟ್ಯಾಪೆಟ್ ಸರಿಮಾಡಿ, ಪೆಟ್ರೋಲ್ ಪೈಪುಗಳನ್ನ ಎಥನಾಲ್ ತಾಳೋ ರಬ್ಬರಿನವಕ್ಕೆ ಬದಲಾಯಿಸಿದರು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಇರೋದರಿಂದ ಹಳೇ ಗಾಡಿ ಇಟ್ಟವರು ಮೊದಲು ನೋಡಬೇಕಾದ್ದು ಅದನ್ನೇ. ಇಂಜಿನ್ ಕೆಳಗೆ ಕಲ್ಲು ಬಡಿಯದ ಹಾಗೆ ಒಂದು ತಗಡು ಹೊಡೆದರು. ರ‍್ಯಾಲಿಯವರು ಇದನ್ನ ಸಂಪ್ ಗಾರ್ಡ್ ಅಂತಾರೆ, ಉಸ್ತಾದ್ "ಲಂಗೋಟಿ" ಅಂತಾರೆ.

ಭಾನುವಾರ ಬೆಳಗ್ಗೆ ಆರಕ್ಕೆ ಗಂಜಿನಿಂದ ಹೊರಟು ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರಕ್ಕೆ. ಮೂವತ್ತೈದು ಕಿಲೋಮೀಟರ್ ಆಸುಪಾಸು. ಸರಾಸರಿ ಗಂಟೆಗೆ 36 ಕಿ.ಮೀ. ಇಟ್ಟುಕೊಂಡೆ, ಯಾಕಂದ್ರೆ ಆಗ ಒಂದು ಸೆಕೆಂಡಿಗೆ ಹತ್ತು ಮೀಟರ್, ಒಂದು ಕಿಲೋಮೀಟರಿಗೆ ಸರಿಯಾಗಿ ನೂರು ಸೆಕೆಂಡ್. ಪಕ್ಕದಲ್ಲಿ ಕೂರಬೇಕಿದ್ದ ಗೆಳೆಯ ಏಳಲಿಲ್ಲ. ವಾಕಿಂಗಿಗೆ ಹೊರಟಿದ್ದ ಅಪ್ಪನನ್ನೇ ಕೂರಿಸಿಕೊಂಡೆ. "ಕೆಂಪು ಬಾಳೆಹಣ್ಣು ತರೋಣ ನಡೀರಿ" ಅಂತ ಆಸೆ ತೋರಿಸಿ.

ನಾನು ಸಾಫ್ಟ್‌ವೇರಿನವನು ಅಂತ ಮೊಬೈಲಿನಲ್ಲಿ ಲೆಕ್ಕದ ಪ್ರೋಗ್ರಾಂ ಬರೆದಿದ್ದೆ. ಮಹಾಗಾಂವ ಕ್ರಾಸ್ ದಾಟೋ ಮೊದಲೇ ಅದು ಹಳಿ ತಪ್ಪಿತು. ಕಾರಣ ಆಮೇಲೆ ಹೊಳೆಯಿತು. ಮಾರುತಿಯ 145/70 ಆರ್12 ಟೈರು ಹೊಸದಾಗಿದ್ದಾಗ ಒಂದು ಸುತ್ತಿಗೆ ಸುಮಾರು 1.6 ಮೀಟರ್ ಹೋಗುತ್ತೆ. ಸವೆದು ಐದು ಮಿಲಿಮೀಟರ್ ರಬ್ಬರ್ ಹೋಗಿದ್ದರೆ ಚಕ್ರ ಚಿಕ್ಕದಾಗಿ, ಮೀಟರ್ ಕಿಲೋಮೀಟರಿಗೆ ಇಪ್ಪತ್ತು ಮೀಟರ್ ಹೆಚ್ಚು ತೋರಿಸುತ್ತೆ. ಮೂವತ್ತೈದು ಕಿಲೋಮೀಟರಿಗೆ ಏಳುನೂರು ಮೀಟರ್, ಅಂದರೆ ಎಪ್ಪತ್ತು ಸೆಕೆಂಡ್ ತಡ. ರ‍್ಯಾಲಿಯವರು ಶುರುವಿಗೆ ಮುಂಚೆ ಅಳತೆ ಗೊತ್ತಿರೋ ರಸ್ತೆಯಲ್ಲಿ ಓಡಿಸಿ ಮೀಟರ್ ತಾಳೆ ನೋಡೋದು ಇದಕ್ಕೇ.

ಅಪ್ಪ ನನ್ನ ಮೊಬೈಲ್ ಕಡೆ ನೋಡಲೂ ಇಲ್ಲ. ರಸ್ತೆ ಬದಿಯ ಕಿಲೋಮೀಟರ್ ಕಲ್ಲು ನೋಡೋದು, ಕೈಗಡಿಯಾರ ನೋಡೋದು, "ಹನ್ನೊಂದು ಸೆಕೆಂಡ್ ಹಿಂದ ಇದ್ದೀ", "ನಾಕು ಮುಂದ ಆದಿ, ಸಾವಕಾಶ". ನಲವತ್ತು ವರ್ಷ ತೂಕ, ದರ, ತೂಟು, ಹಮಾಲಿ ಎಲ್ಲ ಬಾಯಲ್ಲೇ ಲೆಕ್ಕ ಹಾಕಿದ ಮನುಷ್ಯನಿಗೆ ಇದು ಯಾವ ಮಹಾ? ಕಮಲಾಪುರದ ಬಸ್ ಸ್ಟ್ಯಾಂಡ್ ಹತ್ತಿರ ನಿಂತಾಗ ಕಲ್ಲಿನ ಲೆಕ್ಕಕ್ಕೂ ಗಡಿಯಾರಕ್ಕೂ ಆರು ಸೆಕೆಂಡ್ ವ್ಯತ್ಯಾಸ.

ಹಣ್ಣು ತಗೊಂಡು ವಾಪಸ್ ಬರುವಾಗ ಅಪ್ಪ ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ, ಆ ಆರು ಸೆಕೆಂಡ್ ಎಲ್ಲಿ ಹೋಯ್ತು ಅಂತ ಕೇಳಿದರು. ಮಹಾಗಾಂವ ಕ್ರಾಸಿನಲ್ಲಿ ಎಮ್ಮೆ ಅಡ್ಡ ಬಂದಿದ್ದು ನೆನಪಿಸಿದೆ. "ಅದು ನಾ ಹಿಡಿದೀನಿ. ಅದರ ನಂತರದ್ದು ಹೇಳು" ಅಂದರು.

ಗುಜರಿಯವನು ಬುಧವಾರ ಮತ್ತೆ ಬಂದಿದ್ದನಂತೆ. ದೀಪಾವಳಿ ಆದಮೇಲೆ ಬಾ ಅಂತ ಕಳಿಸಿದಾರೆ. ಯಾವ ದೀಪಾವಳಿ ಅಂತ ಹೇಳಿಲ್ಲ.